ಲಾಗಿನ್‌ಗೆ ಯಾವ ಲೈಬ್ರರಿ? ಮೊದಲು ಸೆಷನ್ ಎಲ್ಲಿಡುತ್ತೀರಿ ಹೇಳಿ

ನೋಡ್ ಜೆಎಸ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ, ಒಂದು ವೆಬ್ ಆ್ಯಪ್ ಬರೆಯುತ್ತಿದ್ದೀರಿ. ಪುಟಗಳು ಆದವು, ಡೇಟಾಬೇಸ್ ಆಯಿತು, ಈಗ ಲಾಗಿನ್ ಬೇಕು. ಹುಡುಕಲು ಕೂತರೆ ಹೆಸರುಗಳ ಸಂತೆಯೇ ಎದುರಾಗುತ್ತದೆ: ಎಕ್ಸ್‌ಪ್ರೆಸ್ ಸೆಷನ್, ಕುಕೀ ಸೆಷನ್, ಐರನ್ ಸೆಷನ್, ಪಾಸ್‌ಪೋರ್ಟ್, ಜೆಡಬ್ಲ್ಯುಟಿ, ಆಥ್ ಜೆಎಸ್, ಬೆಟರ್ ಆಥ್. ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾವುದು ಒಳ್ಳೇದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಇವು ಮಾಡುವ ಕೆಲಸ ಒಂದೇ ಅಲ್ಲವಲ್ಲ.

ಕೆಲಸ ಎರಡಿವೆ. ಬಂದವರು ಯಾರು ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳುವುದು ಮೊದಲನೆಯದು, ಅದು ಅಥೆಂಟಿಕೇಷನ್. ಆಮೇಲೆ ಬರುವ ಒಂದೊಂದು ರಿಕ್ವೆಸ್ಟ್‌ನಲ್ಲೂ ಅವರನ್ನು ಗುರುತು ಹಿಡಿಯುವುದು ಎರಡನೆಯದು, ಅದು ಸೆಷನ್. ಎಚ್‌ಟಿಟಿಪಿಗೆ ಹಿಂದಿನ ರಿಕ್ವೆಸ್ಟ್ ನೆನಪಿರುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕೀ ತಂದದ್ದು ಆ ಮರೆವಿಗೆ ಮದ್ದಾಗಿ. ಸರ್ವರ್ ಕೊಟ್ಟ ಸಣ್ಣ ಮಾಹಿತಿಯನ್ನು ಬ್ರೌಸರ್ ಇಟ್ಟುಕೊಂಡು ಪ್ರತಿ ರಿಕ್ವೆಸ್ಟ್ ಜೊತೆ ವಾಪಸ್ ಕಳಿಸುತ್ತದೆ, ಅದೇ ಕುಕೀ. ಪಾಸ್‌ಪೋರ್ಟ್ ಮೊದಲ ಕೆಲಸ ಮಾಡುತ್ತದೆ. ನೋಡ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ಗೆಂದೇ ಇರುವ ಎಕ್ಸ್‌ಪ್ರೆಸ್ ಸೆಷನ್ ಎರಡನೆಯದನ್ನು ಮಾತ್ರ ಮಾಡುತ್ತದೆ. ಬೆಟರ್ ಆಥ್ ಎರಡನ್ನೂ ತಾನೇ ಹೊತ್ತುಕೊಳ್ಳುತ್ತದೆ. ಹಾಗಿರುವಾಗ ಪಾಸ್‌ಪೋರ್ಟ್ ಬೇಕೋ ಎಕ್ಸ್‌ಪ್ರೆಸ್ ಸೆಷನ್ ಬೇಕೋ ಎಂಬ ಪ್ರಶ್ನೆಯೇ ತಪ್ಪು. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಎರಡೂ ಜೊತೆಯಾಗಿಯೇ ಇರುತ್ತವೆ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಲಾಗಿನ್ ಆಗಿರುವ ಒಬ್ಬರನ್ನು ಈ ಕ್ಷಣ ಹೊರಗೆ ಹಾಕಬೇಕು ಅಂದರೆ ನಿಮ್ಮ ಕೈಲಿ ಆಗುತ್ತಾ? ಅವರ ಫೋನ್ ಕಳುವಾಗಿರಬಹುದು, ಪಾಸ್‌ವರ್ಡ್ ಸೋರಿರಬಹುದು, ಕೆಲಸ ಬಿಟ್ಟು ಹೋಗಿರಬಹುದು. ಆಗಲೇಬೇಕು ಅಂದರೆ ಸೆಷನ್ ನಿಮ್ಮ ಸರ್ವರ್ ಕಡೆ ಇರಬೇಕು. ಸ್ವಲ್ಪ ಹೊತ್ತು ತಡವಾದರೂ ನಡೆಯುತ್ತದೆ ಅಂದರೆ ಕುಕೀಯೊಳಗೇ ಇಡಬಹುದು. ಇದೊಂದು ತೀರ್ಮಾನವಾದರೆ ಅರ್ಧ ಹೆಸರುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಎಕ್ಸ್‌ಪ್ರೆಸ್ ಸೆಷನ್: ಹಳೆಯದು, ಗಟ್ಟಿ

ಬ್ಯಾಗ್ ಕೌಂಟರಿನಲ್ಲಿ ಚೀಲ ಒಳಗಿಟ್ಟುಕೊಂಡು ಟೋಕನ್ ಕೈಗೆ ಕೊಡುತ್ತಾರಲ್ಲ, ಇದೂ ಹಾಗೇ. ಬ್ರೌಸರ್‌ಗೆ ಹೋಗುವ ಕುಕೀಯಲ್ಲಿ ಸಹಿ ಹಾಕಿದ, ಅಂದರೆ ಯಾರಾದರೂ ತಿದ್ದಿದರೆ ಗೊತ್ತಾಗುವ, ಒಂದು ಐಡಿ ಮಾತ್ರ ಇರುತ್ತದೆ. ಮಾಹಿತಿಯೆಲ್ಲ ಸರ್ವರ್‌ನಲ್ಲಿ. ಸರ್ವರ್‌ನಲ್ಲಿರುವ ಆ ದಾಖಲೆ ಅಳಿಸಿದರೆ ಮುಗಿಯಿತು, ಕುಕೀ ಯಾರ ಹತ್ತಿರ ಇದ್ದರೂ ಪ್ರಯೋಜನವಿಲ್ಲ.

ಇನ್‌ಸ್ಟಾಲ್ ಮಾಡುವುದು ಎನ್‌ಪಿಎಂನಲ್ಲಿ ಒಂದು ಸಾಲಿನ ಕೆಲಸ. ಹಳೆಯ ಪಾಠಗಳು ಕುಕೀ ಪಾರ್ಸರ್ ಕೂಡ ಹಾಕಿಸುತ್ತವೆ. 1.5.0 ಆವೃತ್ತಿಯಿಂದ ಇದಕ್ಕೆ ಅದರ ಅಗತ್ಯವಿಲ್ಲ. ಇನ್‌ಸ್ಟಾಲ್ ಆದಮೇಲೆಯೇ ನಿಜವಾದ ಕೆಲಸ ಶುರು.

ಮೊದಲ ಕಿರಿಕಿರಿ ಸ್ಟೋರ್, ಅಂದರೆ ಸರ್ವರ್ ಕಡೆ ಸೆಷನ್‌ಗಳನ್ನು ಇಡುವ ಜಾಗ. ಏನೂ ಹೇಳದೆ ಬಿಟ್ಟರೆ ಸೆಷನ್‌ಗಳು ಮೆಮೊರಿ ಸ್ಟೋರ್‌ಗೆ ಹೋಗುತ್ತವೆ. ಡೆವಲಪ್‌ಮೆಂಟ್‌ನಲ್ಲಿ ಫೈಲ್ ಸೇವ್ ಮಾಡಿದಾಗಲೆಲ್ಲ ಸರ್ವರ್ ರೀಸ್ಟಾರ್ಟ್ ಆಗಿ ನೀವು ಲಾಗೌಟ್ ಆಗುವುದು ಇದರಿಂದಲೇ. ಪ್ರೊಡಕ್ಷನ್‌ಗೆ ಇದು ಅಲ್ಲವೇ ಅಲ್ಲ. ಮೆಮೊರಿ ಸೋರುತ್ತದೆ, ಒಂದಕ್ಕಿಂತ ಜಾಸ್ತಿ ಪ್ರಾಸೆಸ್ ಇದ್ದರೆ ಕೆಲಸ ಮಾಡುವುದಿಲ್ಲ ಅಂತ ಅದರ ದಾಖಲೆಯಲ್ಲೇ ಬರೆದಿದ್ದಾರೆ.

ಸ್ಟೋರ್‌ಗೆ ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್ ಇದ್ದರೆ ಕನೆಕ್ಟ್ ರೆಡಿಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಕನೆಕ್ಟ್ ಪಿಜಿ ಸಿಂಪಲ್. ವೇಗ ಅಂತ ಎಲ್ಲರೂ ರೆಡಿಸ್ ಕಡೆ ಕೈ ತೋರಿಸುತ್ತಾರೆ. ಅವಧಿ ಮುಗಿದ ಸೆಷನ್‌ಗಳನ್ನು ರೆಡಿಸ್ ತಾನಾಗಿಯೇ ಅಳಿಸುತ್ತದೆ, ಅದು ಅನುಕೂಲವೇ. ಆದರೆ ಒಬ್ಬ ಬಳಕೆದಾರರ ಎಲ್ಲ ಸೆಷನ್‌ಗಳನ್ನೂ ಹುಡುಕಿ ಮುಚ್ಚಿ ಅಂದರೆ ಅಲ್ಲಿ ತಡವರಿಸಬೇಕಾಗುತ್ತದೆ. ಅಲ್ಲಿರುವ ಕೀ ಸೆಷನ್ ಐಡಿಯದು, ಬಳಕೆದಾರರದ್ದಲ್ಲ. ಯಾರ ಸೆಷನ್‌ಗಳು ಯಾವುವು ಅಂತ ಬೇರೆ ಪಟ್ಟಿ ನೀವೇ ಇಟ್ಟುಕೊಳ್ಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಸೆಷನ್ ಒಂದು ಜೇಸನ್ ಕಾಲಮ್‌ನಲ್ಲಿ ಕೂತಿರುತ್ತದೆ, ಬಳಕೆದಾರರ ಐಡಿ ಹಾಕಿ ಒಂದು ಡಿಲೀಟ್ ಕ್ವೆರಿ ಬರೆದರೆ ಆಯಿತು. ಅವಧಿ ಮುಗಿದ ಸಾಲುಗಳನ್ನು ಆ ಪ್ಯಾಕೇಜೇ 15 ನಿಮಿಷಕ್ಕೊಮ್ಮೆ ಗುಡಿಸುತ್ತದೆ. ಡೇಟಾಬೇಸ್ ಹೇಗೂ ಪೋಸ್ಟ್‌ಗ್ರೆಸ್ ಆಗಿದ್ದರೆ ಸುಮ್ನೆ ಸೆಷನ್‌ಗೋಸ್ಕರ ರೆಡಿಸ್ ಎಳೆದುತರುವುದು ಬೇಡ ಅನ್ನುತ್ತೇನೆ. ದಟ್ಟಣೆ ಬಂದಾಗ ಸ್ಟೋರ್ ಬದಲಿಸುವುದು ಕೆಲವೇ ಸಾಲಿನ ಕೆಲಸ.

ರೆಡಿಸ್ ಆರಿಸಿಕೊಂಡವರಿಗೆ ಒಂದು ಮಾತು. ಕನೆಕ್ಟ್ ರೆಡಿಸ್ ಅನ್ನು ರಿಕ್ವೈರ್ ಮಾಡಿ, ಅದಕ್ಕೆ ಸೆಷನ್ ಅನ್ನು ಆರ್ಗ್ಯುಮೆಂಟ್ ಆಗಿ ಕೊಡುವ ಪಾಠ ಕಂಡರೆ ಅದು ಹಳೆಯ ಆವೃತ್ತಿಯದು. ಹೊಸದರಲ್ಲಿ ರೆಡಿಸ್ ಸ್ಟೋರ್ ಕ್ಲಾಸನ್ನು ನೇರವಾಗಿ ಇಂಪೋರ್ಟ್ ಮಾಡಿಕೊಳ್ಳಬೇಕು. ಹಳೆಯ ಕೋಡ್ ಅಂಟಿಸಿದರೆ ಮೊದಲ ಓಟದಲ್ಲೇ ಎರರ್.

ಇನ್ನು ಸೆಟ್ಟಿಂಗ್‌ಗಳು. ರೀಸೇವ್ ಮತ್ತು ಸೇವ್ ಅನ್‌ಇನಿಶಿಯಲೈಸ್ಡ್ ಎರಡಕ್ಕೂ ಫಾಲ್ಸ್ ಕೊಡಿ. ಎರಡನೆಯದನ್ನು ಟ್ರೂ ಬಿಟ್ಟರೆ ಲಾಗಿನ್ ಆಗದೆ ಸುಮ್ನೆ ಇಣುಕಿ ಹೋದವರಿಗೂ, ಸರ್ಚ್ ಎಂಜಿನ್ ಬಾಟ್‌ಗಳಿಗೂ ಒಂದೊಂದು ಖಾಲಿ ಸೆಷನ್ ಹುಟ್ಟಿ ಸ್ಟೋರ್ ತುಂಬುತ್ತದೆ. ಮೊದಲನೆಯದು ಟ್ರೂ ಇದ್ದರೆ ಏನೂ ಬದಲಾಗದ ಸೆಷನ್ ಕೂಡ ಪ್ರತಿ ರಿಕ್ವೆಸ್ಟ್‌ಗೂ ಬರೆಸಿಕೊಳ್ಳುತ್ತದೆ. ಒಟ್ಟಿಗೆ ಬಂದ ಎರಡು ರಿಕ್ವೆಸ್ಟ್‌ಗಳಲ್ಲಿ ಒಂದು ಬರೆದದ್ದನ್ನು ಇನ್ನೊಂದು ಅಳಿಸಿಬಿಡಬಹುದು.

ಕುಕೀಗೆ ಸಹಿ ಹಾಕಲು ಬಳಸುವ ಸೀಕ್ರೆಟ್‌ಗೆ ನಿಮ್ಮ ಆ್ಯಪಿನ ಹೆಸರು ಹಾಕಬೇಡಿ. ನೋಡ್‌ನ ಕ್ರಿಪ್ಟೊದಿಂದ 32 ರ‍್ಯಾಂಡಮ್ ಬೈಟ್ ತೆಗೆದು ಹೆಕ್ಸ್ ಮಾಡಿದರೆ 64 ಅಕ್ಷರ ಬರುತ್ತದೆ, ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ. ಇಲ್ಲಿ ಒಂದು ಅನುಕೂಲ ಅನೇಕರಿಗೆ ಗೊತ್ತಿಲ್ಲ. ಸೀಕ್ರೆಟ್‌ಗೆ ಅರೇ ಕೊಡಬಹುದು. ಹೊಸ ಸಹಿಗೆ ಮೊದಲನೆಯದು ಬಳಕೆಯಾಗುತ್ತದೆ, ಪರಿಶೀಲನೆಗೆ ಎಲ್ಲವೂ. ಹೊಸದನ್ನು ಮುಂದೆ ಸೇರಿಸಿ, ಹಳೆಯದನ್ನು ಕೆಲವು ದಿನ ಹಿಂದೆ ಉಳಿಸಿಕೊಂಡರೆ ಯಾರನ್ನೂ ಲಾಗೌಟ್ ಮಾಡದೆ ಸೀಕ್ರೆಟ್ ಬದಲಿಸಬಹುದು.

ಪುಟದ ಸ್ಕ್ರಿಪ್ಟ್‌ಗಳು ಕುಕೀಯನ್ನು ಓದದಂತೆ ತಡೆಯುವ ಎಚ್‌ಟಿಟಿಪಿ ಓನ್ಲಿ ಮೊದಲೇ ಟ್ರೂ ಇರುತ್ತದೆ, ಮುಟ್ಟಬೇಡಿ. ಬೇರೆ ಸೈಟ್‌ಗಳಿಂದ ಬರುವ ರಿಕ್ವೆಸ್ಟ್ ಜೊತೆ ಕುಕೀ ಹೋಗಬೇಕೇ ಅಂತ ನಿರ್ಧರಿಸುವ ಸೇಮ್‌ಸೈಟ್‌ಗೆ ಲ್ಯಾಕ್ಸ್ ಅಂತ ನೀವೇ ಬರೆಯಿರಿ. 2020ರಲ್ಲಿ ಬಂದ ಕ್ರೋಮ್ 80ರಿಂದ ಅದನ್ನೇ ಡೀಫಾಲ್ಟ್ ಮಾಡಿದರು, ಆದರೆ ಎಲ್ಲ ಬ್ರೌಸರ್‌ಗಳೂ ಹಾಗಿಲ್ಲ. ಕುಕೀ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗಲಿ ಅನ್ನುವ ಸೆಕ್ಯೂರ್ ಪ್ರೊಡಕ್ಷನ್‌ನಲ್ಲಿ ಟ್ರೂ ಇರಲೇಬೇಕು.

ಈ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲೋಣ. ಜನ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದು ಇಲ್ಲೇ. ಲೋಕಲ್‌ನಲ್ಲಿ ಎಲ್ಲ ಸರಿ ಇತ್ತು. ಹೊರಗಿನ ರಿಕ್ವೆಸ್ಟ್‌ಗಳನ್ನು ಆ್ಯಪ್‌ಗೆ ದಾಟಿಸುವ ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿಯ ಹಿಂದೆ ಡಿಪ್ಲಾಯ್ ಮಾಡಿದಿರಿ. ಪಾಸ್‌ವರ್ಡ್ ಸರಿಯಾಗಿದೆ, ಸಬ್‌ಮಿಟ್ ಒತ್ತಿದರೆ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಏನಾಗಿದೆ ಅಂದರೆ, ಹೊರಗಿನ ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು, ನೋಡ್‌ಗೆ ಬರುವುದು ಬರೀ ಎಚ್‌ಟಿಟಿಪಿ. ಸಂಪರ್ಕ ಸುರಕ್ಷಿತವಲ್ಲ ಅಂದುಕೊಂಡ ಲೈಬ್ರರಿ ಕುಕೀಯನ್ನು ಕಳಿಸುವುದೇ ಇಲ್ಲ. ಬಾಯಿ ಬಿಟ್ಟು ಹೇಳುವುದೂ ಇಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿಯನ್ನು 1ಕ್ಕೆ ಸೆಟ್ ಮಾಡಿ. ಎಂಜಿನ್‌ಎಕ್ಸ್ ಕಡೆಯಿಂದ ಎಕ್ಸ್ ಫಾರ್ವರ್ಡೆಡ್ ಪ್ರೋಟೊ ಹೆಡರ್ ಬರುತ್ತಿದೆಯಾ ನೋಡಿ. ಡೆವ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಲಾಗಿನ್ ರೆಸ್ಪಾನ್ಸ್ ತೆರೆದು ಸೆಟ್ ಕುಕೀ ಹೆಡರ್ ಕಂಡರೆ ಸಮಸ್ಯೆ ತೀರಿತು ಅಂತ ಅರ್ಥ. ಸೆಕ್ಯೂರ್ ಅನ್ನು ಫಾಲ್ಸ್ ಮಾಡಿದರೂ ಲಾಗಿನ್ ಆಗುತ್ತದೆ, ದಯವಿಟ್ಟು ಆ ದಾರಿ ಹಿಡಿಯಬೇಡಿ.

ಲಾಗಿನ್ ಯಶಸ್ವಿಯಾದ ಕೂಡಲೇ ಸೆಷನ್ ಅನ್ನು ರೀಜೆನರೇಟ್ ಮಾಡಬೇಕು. ಇಲ್ಲದಿದ್ದರೆ ಯಾರೋ ಮೊದಲೇ ತಿಳಿದುಕೊಂಡ ಸೆಷನ್ ಐಡಿಯನ್ನು ನಿಮ್ಮ ಬಳಕೆದಾರರ ಬ್ರೌಸರ್‌ಗೆ ಅಂಟಿಸಿ, ಅವರು ಲಾಗಿನ್ ಆಗುವವರೆಗೆ ಕಾದು, ಅದೇ ಐಡಿಯಲ್ಲಿ ತಾವೂ ಒಳಗೆ ಬರಬಹುದು. ಸೆಷನ್ ಫಿಕ್ಸೇಷನ್ ಅನ್ನುವುದು ಇದನ್ನೇ. ಕ್ರಮ ಹೀಗಿರಲಿ: ರೀಜೆನರೇಟ್, ಬಳಕೆದಾರರ ಐಡಿ ಸೇರಿಸುವುದು, ಸೇವ್, ಆಮೇಲೆ ರೀಡೈರೆಕ್ಟ್. ಸೇವ್ ಮುಗಿಯುವ ಮೊದಲೇ ರೀಡೈರೆಕ್ಟ್ ಮಾಡಿದರೆ ಮುಂದಿನ ಪುಟಕ್ಕೆ ಒಮ್ಮೊಮ್ಮೆ ಹಳೆಯ ಸ್ಥಿತಿಯೇ ಕಾಣುತ್ತದೆ. ಒಮ್ಮೊಮ್ಮೆ ಮಾತ್ರ ಬರುವ ಬಗ್ ಎಷ್ಟು ಕಾಡುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ.

ಕುಕೀಯೊಳಗೇ ಎಲ್ಲ: ಕುಕೀ ಸೆಷನ್, ಐರನ್ ಸೆಷನ್

ಸ್ಟೋರ್ ಬೇಡ, ಡೇಟಾಬೇಸ್ ಓದು ಬೇಡ, ಸರ್ವರ್ ಎಷ್ಟು ಬೇಕಾದರೂ ಹೆಚ್ಚಿಸಿಕೊಳ್ಳಿ. ಇವುಗಳ ಆಕರ್ಷಣೆ ಇದೇ. ಮಾಹಿತಿಯೆಲ್ಲ ಕುಕೀಯಲ್ಲೇ ಹೋಗಿ ಬರುತ್ತದೆ.

ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಕುಕೀ ಸೆಷನ್ ಸಹಿ ಹಾಕುತ್ತದೆ, ಮುಚ್ಚಿಡುವುದಿಲ್ಲ. ಕುಕೀಯ ಮೌಲ್ಯವನ್ನು (ವ್ಯಾಲ್ಯೂ) ತೆಗೆದು ಬೇಸ್ 64 ಡಿಕೋಡ್ ಮಾಡಿದರೆ ಒಳಗಿನ ಜೇಸನ್ ಹಾಗೇ ಓದಲು ಸಿಗುತ್ತದೆ. ಬದಲಿಸಲು ಆಗದು, ಓದಲು ಆಗುತ್ತದೆ. ಐರನ್ ಸೆಷನ್ ಎನ್‌ಕ್ರಿಪ್ಟ್ ಮಾಡಿ ಸೀಲ್ ಮಾಡುತ್ತದೆ, ಅದಕ್ಕೆ ಕನಿಷ್ಠ 32 ಅಕ್ಷರದ ಪಾಸ್‌ವರ್ಡ್ ಕೇಳುತ್ತದೆ. ನೆಕ್ಸ್ಟ್ ಜೆಎಸ್ ಬಳಸುವವರಿಗೆ ಐರನ್ ಸೆಷನ್ ಹೊಂದಿಸುವುದು ಸಲೀಸು. ಇವೆರಡರಲ್ಲೇ ಆರಿಸಬೇಕು ಅಂದರೆ ನಾನು ಐರನ್ ಸೆಷನ್ ಅನ್ನುತ್ತೇನೆ.

ಎರಡಕ್ಕೂ ಇರುವ ಮಿತಿಗಳು ಒಂದೇ. ಬ್ರೌಸರ್ ಒಂದು ಕುಕೀಗೆ ಕೊಡುವ ಜಾಗ ಸುಮಾರು 4096 ಬೈಟ್. ಐಡಿ, ಹೆಸರು, ಪಾತ್ರ ಇಷ್ಟಕ್ಕೆ ಸಾಕು. ಶಾಪಿಂಗ್ ಕಾರ್ಟ್ ತುರುಕಲು ಹೋದರೆ ಒಂದು ದಿನ ಕೈ ಕೊಡುತ್ತದೆ. ಇನ್ನೊಂದು, ಲಾಗೌಟ್ ಅಂದರೆ ಇಲ್ಲಿ ಬ್ರೌಸರ್‌ನಿಂದ ಕುಕೀ ಅಳಿಸುವುದು ಅಷ್ಟೇ. ಅದರ ಪ್ರತಿ ಬೇರೆಯವರ ಹತ್ತಿರ ಇದ್ದರೆ ಅದು ನಡೆಯುತ್ತಲೇ ಇರುತ್ತದೆ: ಕುಕೀ ಸೆಷನ್‌ನಲ್ಲಿ ಸರ್ವರ್ ಅವಧಿಯನ್ನು ನೋಡುವುದೇ ಇಲ್ಲ, ಐರನ್ ಸೆಷನ್‌ನಲ್ಲಿ ಅವಧಿ ಮುಗಿಯುವವರೆಗೆ. ಐರನ್ ಸೆಷನ್‌ನಲ್ಲಿ ಆ ಅವಧಿ ನೀವು ಬದಲಿಸದಿದ್ದರೆ 14 ದಿನ.

ಇದಕ್ಕೊಂದು ಉಪಾಯ ಇದೆ. ಬಳಕೆದಾರರ ಟೇಬಲ್‌ನಲ್ಲಿ ಒಂದು ಆವೃತ್ತಿ ಸಂಖ್ಯೆ ಇಟ್ಟು, ಅದನ್ನೇ ಕುಕೀಯಲ್ಲೂ ಹಾಕಿ, ಪ್ರತಿ ಸಲ ತಾಳೆ ನೋಡುವುದು. ಹೊರಗೆ ಹಾಕಬೇಕೆಂದಾಗ ಸಂಖ್ಯೆ ಏರಿಸಿದರೆ ಸಾಕು. ಕೆಲಸ ಮಾಡುತ್ತದೆ. ಆದರೆ ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್ ಮುಟ್ಟಿದ ಹಾಗಾಯಿತು. ಅದನ್ನು ಉಳಿಸಬೇಕು ಅಂತಲೇ ಅಲ್ವಾ ಇಲ್ಲಿಗೆ ಬಂದದ್ದು?

ಜೆಡಬ್ಲ್ಯುಟಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೇಸನ್ ವೆಬ್ ಟೋಕನ್ ಅಂದರೆ ಸಹಿ ಹಾಕಿದ ಮಾಹಿತಿಯ ಚೀಟಿ. 2015ರಲ್ಲಿ ಆರ್‌ಎಫ್‌ಸಿ 7519 ಎಂಬ ಇಂಟರ್ನೆಟ್ ಮಾನದಂಡವಾಗಿ ಬಂದ ಈ ಟೋಕನ್ ಸರ್ವಿಸ್‌ಗಳ ನಡುವಿನ ಮಾತುಕತೆಗೆ ಚೆನ್ನಾಗಿ ಒಗ್ಗುತ್ತದೆ. ಬ್ರೌಸರ್ ಲಾಗಿನ್‌ಗೆ ಇದನ್ನು ತಂದವರು ಸಾಮಾನ್ಯವಾಗಿ ಲೋಕಲ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಪುಟಕ್ಕೆ ನುಸುಳಿದ ಯಾವ ಸ್ಕ್ರಿಪ್ಟ್ ಆದರೂ ಅಲ್ಲಿಂದ ಅದನ್ನು ಎತ್ತಿಕೊಂಡು ಹೋಗಬಹುದು. ಆಮೇಲೆ ಹಿಂದೆ ಪಡೆಯಲು ಆಗುವುದಿಲ್ಲ ಅಂತ ಅವಧಿ ಕಡಿಮೆ ಮಾಡುತ್ತಾರೆ, ಅವಧಿ ಮುಗಿದಾಗ ಹೊಸ ಟೋಕನ್ ಪಡೆಯಲು ರಿಫ್ರೆಶ್ ಟೋಕನ್ ಸೇರಿಸುತ್ತಾರೆ, ರಿಫ್ರೆಶ್ ಟೋಕನ್‌ಗಳನ್ನು ಡೇಟಾಬೇಸ್‌ನಲ್ಲಿ ಇಡುತ್ತಾರೆ. ಅಲ್ಲಿಗೆ ಸೆಷನ್ ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಹಾಗಾಯಿತು. ಮೊಬೈಲ್ ಆ್ಯಪ್‌ಗೋ ಬೇರೆ ಸರ್ವರ್‌ಗೋ ಎಪಿಐ ಕೊಡುತ್ತಿದ್ದರೆ ಬಳಸಿ. ಜೇಸನ್ ವೆಬ್ ಟೋಕನ್ ಪ್ಯಾಕೇಜ್‌ನಲ್ಲಿ ಸಹಿ ಹಾಕುವಾಗ ಅವಧಿಯನ್ನು ನೀವೇ ಕೊಡಬೇಕು, ಕೊಡದಿದ್ದರೆ ಟೋಕನ್‌ಗೆ ಕೊನೆಯೇ ಇರುವುದಿಲ್ಲ. ವೆರಿಫೈ ಮಾಡುವಾಗ ಯಾವ ಅಲ್ಗಾರಿದಮ್ ಒಪ್ಪುತ್ತೀರಿ ಅಂತಲೂ ಬರೆಯಿರಿ.

ಪಾಸ್‌ಪೋರ್ಟ್: ಎಲ್ಲರೊಡನೆ ಹೊಂದುತ್ತದೆ, ಎಲ್ಲವನ್ನೂ ಮಾಡುವುದಿಲ್ಲ

ಪಾಸ್‌ಪೋರ್ಟ್‌ನ ಶಕ್ತಿ ಅದರ ಸ್ಟ್ರಾಟಜಿಗಳಲ್ಲಿದೆ, 500ಕ್ಕೂ ಹೆಚ್ಚು ಇವೆ. ಗೂಗಲ್, ಗಿಟ್‌ಹಬ್, ಕಂಪನಿಗಳ ಸ್ಯಾಮೆಲ್ ಲಾಗಿನ್, ಯಾವುದು ಬೇಕೋ ಅದಕ್ಕೊಂದು ಪ್ಯಾಕೇಜ್. ಹೆಸರು ಮತ್ತು ಪಾಸ್‌ವರ್ಡ್ ಲಾಗಿನ್‌ಗೆ ಪಾಸ್‌ಪೋರ್ಟ್ ಲೋಕಲ್.

ಹೊಂದಿಸುವಾಗ ಕ್ರಮ ಮುಖ್ಯ. ಮೊದಲು ಸ್ಟ್ಯಾಟಿಕ್ ಫೈಲ್‌ಗಳು, ಆಮೇಲೆ ಎಕ್ಸ್‌ಪ್ರೆಸ್ ಸೆಷನ್, ಆಮೇಲೆ ಪಾಸ್‌ಪೋರ್ಟ್ ಸೆಷನ್, ಕೊನೆಗೆ ನಿಮ್ಮ ರೌಟ್‌ಗಳು. ಸೆಷನ್‌ಗೆ ಏನು ಬರೆಯಬೇಕು ಅಂತ ಹೇಳುವ ಸೀರಿಯಲೈಸ್ ಯೂಸರ್‌ನಲ್ಲಿ ಐಡಿ ಮಾತ್ರ ಇಡಿ. ಆ ಐಡಿಯಿಂದ ಬಳಕೆದಾರರನ್ನು ಹುಡುಕಿ ತರುವ ಡಿಸೀರಿಯಲೈಸ್ ಯೂಸರ್ ಲಾಗಿನ್ ಆದವರ ಪ್ರತಿ ರಿಕ್ವೆಸ್ಟ್‌ಗೂ ಓಡುತ್ತದೆ. ಸ್ಟ್ಯಾಟಿಕ್ ಫೈಲ್‌ಗಳನ್ನು ಕೆಳಗೆ ಹಾಕಿದರೆ ಒಂದೊಂದು ಚಿತ್ರಕ್ಕೂ ಒಂದೊಂದು ಡೇಟಾಬೇಸ್ ಕ್ವೆರಿ ಹೋಗುತ್ತಿರುತ್ತದೆ.

ಹೊಸಬರು ಎಡವುವ ಇನ್ನೊಂದು ಜಾಗ ಫಾರ್ಮ್. ಪಾಸ್‌ಪೋರ್ಟ್ ಲೋಕಲ್ ಹುಡುಕುವುದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಎಂಬ ಹೆಸರಿನ ಫೀಲ್ಡ್‌ಗಳನ್ನು. ನಿಮ್ಮ ಫಾರ್ಮ್‌ನಲ್ಲಿ ಇಮೇಲ್ ಅಂತ ಇದ್ದರೆ ನೀವು ಬರೆದ ವೆರಿಫೈ ಫಂಕ್ಷನ್‌ವರೆಗೂ ವಿಷಯ ಬರುವುದೇ ಇಲ್ಲ, ಲಾಗಿನ್ ವಿಫಲವಾಗುತ್ತದೆ. ಯೂಸರ್‌ನೇಮ್ ಫೀಲ್ಡ್ ಎಂಬ ಆಯ್ಕೆಗೆ ಇಮೇಲ್ ಅಂತ ಕೊಟ್ಟರೆ ಸರಿಹೋಗುತ್ತದೆ.

2022ರಲ್ಲಿ ಬಂದ 0.6 ಆವೃತ್ತಿ ಎರಡು ದೊಡ್ಡ ಬದಲಾವಣೆ ತಂದಿತು. ಲಾಗೌಟ್ ಈಗ ಕಾಲ್‌ಬ್ಯಾಕ್ ಕೇಳುತ್ತದೆ. ಲಾಗಿನ್, ಲಾಗೌಟ್ ಎರಡರಲ್ಲೂ ಪಾಸ್‌ಪೋರ್ಟೇ ಸೆಷನ್ ಅನ್ನು ರೀಜೆನರೇಟ್ ಮಾಡುತ್ತದೆ. ಅಂದರೆ ಮೇಲೆ ಹೇಳಿದ ಫಿಕ್ಸೇಷನ್ ಚಿಂತೆ ನಿಮಗಿಲ್ಲ. ಆದರೆ ಕುಕೀ ಸೆಷನ್‌ನಲ್ಲಿ ರೀಜೆನರೇಟ್ ಎಂಬ ಫಂಕ್ಷನ್ನೇ ಇಲ್ಲ. ಅದರ ಜೊತೆ ಪಾಸ್‌ಪೋರ್ಟ್ ಕಟ್ಟಿದವರಿಗೆ ರೀಜೆನರೇಟ್ ಫಂಕ್ಷನ್ ಅಲ್ಲ ಎಂಬ ಎರರ್ ಎದುರಾಗುತ್ತದೆ. ಇದಕ್ಕೆ ಪಾಸ್‌ಪೋರ್ಟ್‌ನ ಹಳೆಯ ಆವೃತ್ತಿಗೆ ಹಿಂತಿರುಗಿ ಅಂತ ಸಲಹೆ ಕೊಡುವವರಿದ್ದಾರೆ. ಬೇಡ. ಭದ್ರತೆಯ ದುರಸ್ತಿಯನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಪಾಸ್‌ಪೋರ್ಟ್ ಬೇಕೆಂದರೆ ಜೊತೆಗೆ ಎಕ್ಸ್‌ಪ್ರೆಸ್ ಸೆಷನ್ನೇ ಇರಲಿ.

ಪಾಸ್‌ವರ್ಡ್ ಹ್ಯಾಶ್ ಮಾಡುವುದು (ಮೂಲ ರೂಪಕ್ಕೆ ತಿರುಗಿಸಲಾಗದಂತೆ ಬದಲಿಸಿ ಇಡುವುದು), ಮರೆತವರಿಗೆ ರೀಸೆಟ್ ಮೇಲ್, ಪದೇ ಪದೇ ತಪ್ಪು ಹಾಕುವವರನ್ನು ತಡೆಯುವುದು, ಇವೆಲ್ಲ ನಿಮ್ಮ ತಲೆಮೇಲೆ. ಹ್ಯಾಶ್‌ಗೆ ಆರ್ಗಾನ್ 2 ಐಡಿ ಹಿಡಿಯಿರಿ. ಬಿಕ್ರಿಪ್ಟ್ ಕೆಟ್ಟದ್ದೇನಲ್ಲ, ಆದರೆ ಅದು ಮೊದಲ 72 ಬೈಟ್‌ಗಳನ್ನು ಮಾತ್ರ ನೋಡುತ್ತದೆ. ಕನ್ನಡದಂಥ ಲಿಪಿಯಲ್ಲಿ ಒಂದೊಂದು ಯೂನಿಕೋಡ್ ಚಿಹ್ನೆಗೂ ಯುಟಿಎಫ್ 8ರಲ್ಲಿ 3 ಬೈಟ್ ಹಿಡಿಯುತ್ತದೆ. 24 ಚಿಹ್ನೆಗೆ ಕೋಟಾ ಮುಗಿಯಿತು, ಒತ್ತು, ಸ್ವರಗಳ ಗುರುತು ಎಲ್ಲ ಸೇರಿ.

ಎಲ್ಲ ಒಂದೇ ಕಡೆ: ಆಥ್ ಜೆಎಸ್, ಬೆಟರ್ ಆಥ್

ಇಲ್ಲಿ ಸ್ವಲ್ಪ ಹುಷಾರಾಗಿ ಹೆಜ್ಜೆ ಇಡಬೇಕು, ನೆಲವೇ ಅಲುಗಾಡುತ್ತಿದೆ. ಅನೇಕರ ಅಚ್ಚುಮೆಚ್ಚಾಗಿದ್ದ ಲೂಸಿಯಾ 2025ರ ಮಾರ್ಚ್‌ನಲ್ಲಿ ಲೈಬ್ರರಿಯಾಗಿ ನಿಂತುಹೋಯಿತು, ಈಗ ಅದು ಕಲಿಕೆಯ ಪಾಠ. ಆಥ್ ಜೆಎಸ್‌ನ ಉಸ್ತುವಾರಿ ಅದೇ ವರ್ಷ ಬೆಟರ್ ಆಥ್ ತಂಡದ ಕೈಗೆ ಹೋಯಿತು. ಹೊಸ ಪ್ರಾಜೆಕ್ಟ್‌ಗೆ ಯಾವುದು ಅಂತ ಹೇಳಲು ಇದೇ ಸಾಕು. ಹಳೆಯ ಆಥ್ ಜೆಎಸ್ ಪ್ರಾಜೆಕ್ಟ್ ಓಡುತ್ತಿದ್ದರೆ ಅವಸರ ಬೇಡ, ಆದರೆ ಒಂದು ವಿಷಯ ಗೊತ್ತಿರಲಿ. ಅದರ ಕ್ರೆಡೆನ್ಷಿಯಲ್ಸ್ ಪ್ರೊವೈಡರ್, ಅಂದರೆ ಪಾಸ್‌ವರ್ಡ್ ಲಾಗಿನ್, ಜೆಡಬ್ಲ್ಯುಟಿ ಸೆಷನ್‌ನೊಂದಿಗೆ ಮಾತ್ರ ನಡೆಯುತ್ತದೆ. ಡೇಟಾಬೇಸ್ ಸೆಷನ್ ಬೇಕು, ಪಾಸ್‌ವರ್ಡೂ ಬೇಕು ಅಂದರೆ ಹೊಂದಿಕೆಯಾಗದು.

ಬೆಟರ್ ಆಥ್ ಸೆಷನ್‌ಗಳನ್ನು ಡೇಟಾಬೇಸ್‌ನಲ್ಲೇ ಇಡುತ್ತದೆ, ಅವಧಿ 7 ದಿನ. ಪಾಸ್‌ವರ್ಡ್‌ಗಳಿಗೆ ಎಸ್‌ಕ್ರಿಪ್ಟ್. ಇತರ ಸಾಧನಗಳಿಂದ ಲಾಗೌಟ್ ಮಾಡು ಎಂಬ ಬಟನ್‌ಗೆ ಬೇಕಾದ ಫಂಕ್ಷನ್ ಸಿದ್ಧವಾಗಿದೆ. ಇನ್‌ಸ್ಟಾಲ್ ಮಾಡಿ, ಸೀಕ್ರೆಟ್ ಮತ್ತು ಬೇಸ್ ಯುಆರ್‌ಎಲ್ ಕೊಟ್ಟು, ಡೇಟಾಬೇಸ್ ತೋರಿಸಿ, ಇಮೇಲ್ ಮತ್ತು ಪಾಸ್‌ವರ್ಡ್ ಆಯ್ಕೆ ಆನ್ ಮಾಡಿ, ಅದರ ಕಮಾಂಡ್ ಲೈನ್ ಟೂಲ್‌ನಿಂದ ಟೇಬಲ್‌ಗಳನ್ನು ಹುಟ್ಟಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಎಕ್ಸ್‌ಪ್ರೆಸ್ ಜೊತೆ ಸೇರಿಸುವಾಗ ಮೂರು ಮುಳ್ಳುಗಳಿವೆ. ಎಕ್ಸ್‌ಪ್ರೆಸ್‌ನ ಜೇಸನ್ ಮಿಡಲ್‌ವೇರ್ ಅನ್ನು ಇದರ ಹ್ಯಾಂಡ್ಲರ್‌ಗಿಂತ ಮೇಲೆ ಹಾಕಬೇಡಿ, ಹಾಕಿದರೆ ಲಾಗಿನ್ ರಿಕ್ವೆಸ್ಟ್ ಪೆಂಡಿಂಗ್ ಅಂತಲೇ ತೂಗಾಡುತ್ತದೆ. ಪ್ರಾಜೆಕ್ಟ್ ಇಎಸ್‌ಎಂ, ಅಂದರೆ ರಿಕ್ವೈರ್ ಬದಲು ಇಂಪೋರ್ಟ್ ಬಳಸುವ ಮಾಡ್ಯೂಲ್ ಪದ್ಧತಿಯದು, ಆಗಿರಬೇಕು, ಪ್ಯಾಕೇಜ್ ಜೇಸನ್‌ನಲ್ಲಿ ಟೈಪ್ ಮಾಡ್ಯೂಲ್ ಅಂತ ಇರಬೇಕು. ಎಕ್ಸ್‌ಪ್ರೆಸ್ 5 ಆದರೆ ರೌಟ್‌ನ ನಕ್ಷತ್ರ ಚಿಹ್ನೆಗೆ ಒಂದು ಹೆಸರು ಕೊಡಬೇಕು, 4ರಲ್ಲಿ ಬರೀ ನಕ್ಷತ್ರ ಸಾಕಿತ್ತು.

ವೇಗಕ್ಕಾಗಿ ಇದರಲ್ಲಿ ಕುಕೀ ಕ್ಯಾಶ್ ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ ರದ್ದು ಮಾಡಿದ ಸೆಷನ್ ಕೂಡ ಕ್ಯಾಶ್ ಅವಧಿ ಮುಗಿಯುವವರೆಗೆ ಬದುಕಿರುತ್ತದೆ. ಆ ಕೆಲವು ನಿಮಿಷ ನಿಮಗೆ ಪರವಾಗಿಲ್ಲವಾ ಅಂತ ಯೋಚಿಸಿ ಆನ್ ಮಾಡಿ.

ಪೈಥಾನ್ ಕಡೆಯವರಿಗೆ

ಜಾಂಗೊದಲ್ಲಿ ಆರಿಸುವ ಪ್ರಶ್ನೆಯೇ ಕಡಿಮೆ. ಸೆಷನ್, ಲಾಗಿನ್, ಹ್ಯಾಶ್ ಎಲ್ಲ ಜೊತೆಗೇ ಬರುತ್ತದೆ, ಸೆಷನ್ ಡೇಟಾಬೇಸ್‌ನಲ್ಲಿ, ಕುಕೀ ಅವಧಿ 1209600 ಸೆಕೆಂಡು, ಅಂದರೆ ಎರಡು ವಾರ. ಹಳೆಯ ಸೆಷನ್‌ಗಳನ್ನು ಗುಡಿಸುವ ಕ್ಲಿಯರ್ ಸೆಷನ್ಸ್ ಕಮಾಂಡ್ ಅನ್ನು ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ಗೆ ಹಾಕುವುದನ್ನು ಮರೆಯಬೇಡಿ, ಅದು ತಾನಾಗಿ ಓಡುವುದಿಲ್ಲ. ಫ್ಲಾಸ್ಕ್‌ನ ಸೆಷನ್ ಸಹಿ ಹಾಕಿದ ಕುಕೀ, ಒಳಗಿರುವುದು ಯಾರಿಗೂ ಓದಲು ಬರುತ್ತದೆ. ಫ್ಲಾಸ್ಕ್ ಲಾಗಿನ್ ಅದರ ಮೇಲೆ ಕೂರುತ್ತದೆ, ಪಾಸ್‌ವರ್ಡ್ ವಿಚಾರಕ್ಕೆ ತಲೆ ಹಾಕುವುದಿಲ್ಲ. ಸರ್ವರ್ ಕಡೆ ಇಡಬೇಕೆಂದರೆ ಫ್ಲಾಸ್ಕ್ ಸೆಷನ್ ಸೇರಿಸಿಕೊಳ್ಳಿ.

ನನ್ನ ಆಯ್ಕೆ ಕೇಳಿದರೆ

ಈಗಾಗಲೇ ಎಕ್ಸ್‌ಪ್ರೆಸ್ ಆ್ಯಪ್ ಇದ್ದು, ಪಾಸ್‌ವರ್ಡ್ ಲಾಗಿನ್ ಮಾತ್ರ ಸಾಕು ಅಂದರೆ ಎಕ್ಸ್‌ಪ್ರೆಸ್ ಸೆಷನ್, ಪೋಸ್ಟ್‌ಗ್ರೆಸ್ ಸ್ಟೋರ್, ಆರ್ಗಾನ್ 2. ಪಾಸ್‌ಪೋರ್ಟ್ ಕೂಡ ಬೇಕಿಲ್ಲ. ಕಂಪನಿ ಲಾಗಿನ್, ಗೂಗಲ್ ಲಾಗಿನ್ ಎಲ್ಲ ಬೇಕು ಅಂದಾಗ ಪಾಸ್‌ಪೋರ್ಟ್ ಸೇರಿಸಿ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಶುರು ಮಾಡುತ್ತಿದ್ದರೆ, ರೀಸೆಟ್ ಮೇಲ್, ಎರಡು ಹಂತದ ಲಾಗಿನ್ ಎಲ್ಲ ಬೇಕಾಗಿದ್ದರೆ ಬೆಟರ್ ಆಥ್. ಸಣ್ಣ ಒಳಬಳಕೆಯ ಪುಟ, ಡೇಟಾಬೇಸೇ ಇಲ್ಲ ಅಂದರೆ ಐರನ್ ಸೆಷನ್ ಹಾಕಿ, ಅವಧಿಯನ್ನು ಕೆಲವು ಗಂಟೆಗೆ ಇಳಿಸಿ.

ಯಾವುದನ್ನೇ ಹಾಕಿದರೂ ಡಿಪ್ಲಾಯ್ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಲಾಗಿನ್ ಆಗಿ, ಡೆವ್ ಟೂಲ್ಸ್‌ನಿಂದ ಕುಕೀಯ ಮೌಲ್ಯವನ್ನು ಕಾಪಿ ಮಾಡಿಟ್ಟುಕೊಳ್ಳಿ. ಲಾಗೌಟ್ ಆಗಿ. ಆ ಹಳೆಯ ಕುಕೀಯನ್ನೇ ಟರ್ಮಿನಲ್‌ನ ಕರ್ಲ್ ಕಮಾಂಡ್‌ನಲ್ಲಿ ಹಾಕಿ ಒಳಗಿನ ಒಂದು ಪುಟ ಕೇಳಿ. ಲಾಗಿನ್ ಆಗಿಲ್ಲ ಅನ್ನುವ 401 ಅಥವಾ ಲಾಗಿನ್ ಪುಟಕ್ಕೆ ರೀಡೈರೆಕ್ಟ್ ಬಂದರೆ ಸೆಷನ್ ನಿಮ್ಮ ಹಿಡಿತದಲ್ಲಿದೆ. 200, ಅಂದರೆ ಪುಟವೇ, ಬಂದರೆ ಅದು ಇನ್ನೂ ಜೀವಂತ, ಎಷ್ಟು ಹೊತ್ತು ಅನ್ನುವುದು ನೀವು ಕೊಟ್ಟ ಅವಧಿಗೆ ಬಿಟ್ಟದ್ದು, ಕುಕೀ ಸೆಷನ್ ಆದರೆ ಆ ಮಿತಿಯೂ ಇಲ್ಲ.